ಮುಪ್ಪಿಲ್ಲದ ಮಾಲು

ಬಾಲಚಂದ್ರನಿಗೆ ಅವಮಾನವಾದದ್ದು ಉಪ್ಪಿನಕಾಯಿ ಬಡಿಸುವ ಹೊತ್ತಿನಲ್ಲಿ. ವಿಜಯವಾಡದ ಪಟಮಟದಲ್ಲಿ ಹೆಂಡತಿಯ ಅಣ್ಣ ದುರ್ಗಾಪ್ರಸಾದ್ ಹೊಸ ಫ್ಲ್ಯಾಟಿನ ಗೃಹಪ್ರವೇಶ ಇಟ್ಟುಕೊಂಡಿದ್ದ. ಆಂಧ್ರದಲ್ಲಿ ಮನೆಯ ಅಳಿಯನೆಂದರೆ ಅರ್ಧ ದೇವರು. ಪಂಕ್ತಿಯ ಮೊದಲ ಎಲೆ ಅವನದು, ಮೊದಲ ಮಿಳ್ಳೆ ತುಪ್ಪ ಅವನದು. ಆ ಪದ್ಧತಿಯಂತೆ ಬಾಲಚಂದ್ರ ಮೊದಲ ಎಲೆಯ ಮುಂದೆ ಕೂತಿದ್ದ. ಅಷ್ಟರಲ್ಲಿ ದುರ್ಗಾಪ್ರಸಾದ್ ಯಾರೋ ನಿವೃತ್ತ ಎಂಜಿನಿಯರನ್ನು ಕರೆತಂದು, "ಬಾವಗಾರೂ, ಕೊಂಚೆಂ ಪಕ್ಕಕಿ ಜರಗಂಡಿ" ಎಂದ. ಸ್ವಲ್ಪ ಪಕ್ಕಕ್ಕೆ ಸರಿಯಬೇಕಂತೆ. ಸರಿದದ್ದಾಯಿತು. ಆಮೇಲೆ ಪರಿಚಯ ಬೇರೆ. "ಮಾ ಬಾವ. ಕನ್ನಡ ವಾಳ್ಳು. ವೈಜಾಗ್‌ಲೋ ಪಾತ ಟೈರ್ಲು ಅಮ್ಮುತಾರು." ಹಳೇ ಟೈರು ಮಾರುವವನು! ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಹೆಂಡತಿ ಭವಾನಿಯೂ ನಕ್ಕಳು. ಹೊಟ್ಟೆ ಉರಿದದ್ದು ಅದಕ್ಕೇ.

ಅವನು ಹಳೇ ಟೈರು ಮಾರುವವನಲ್ಲ. ದಾವಣಗೆರೆಯಿಂದ ವಿಶಾಖಪಟ್ಟಣಕ್ಕೆ ಬರಿಗೈಯಲ್ಲಿ ಬಂದು, ಉದ್ಯಾನಗಳ ಕಂಟ್ರಾಕ್ಟರ್ ಅನ್ನಿಸಿಕೊಂಡವನು. ಲಾರಿ ಟೈರುಗಳನ್ನು ಚೂರು ಮಾಡಿ, ಒಳಗಿನ ತಂತಿ ತೆಗೆದು, ಮರದ ತೊಗಟೆಯ ಬಣ್ಣ ಹಚ್ಚಿದರೆ ಅದು ರಬ್ಬರ್ ಮಲ್ಚ್ ಆಗುತ್ತದೆ. ಗಿಡದ ಬುಡಕ್ಕೆ ಹಾಕಿದರೆ ಕಳೆ ಬರುವುದಿಲ್ಲ. ಮಕ್ಕಳ ಆಟದಂಗಳದಲ್ಲಿ ಒಂದು ಗೇಣು ದಪ್ಪಕ್ಕೆ ಹಾಸಿದರೆ ಜಾರುಬಂಡಿಯಿಂದ ಬಿದ್ದ ಮಗು ಎದ್ದು ನಗುತ್ತದೆ. ಇದನ್ನೆಲ್ಲ ಅವನು ಆ ಎಂಜಿನಿಯರಿಗೆ ವಿವರಿಸಬೇಕೆಂದಿದ್ದ. ಅಷ್ಟರಲ್ಲಿ ಮಜ್ಜಿಗೆ ಬಂತು.

ಕೆಲವು ತಿಂಗಳ ಮೇಲೆ ಅದೇ ದುರ್ಗಾಪ್ರಸಾದನ ಫೋನು ಬಂತು. ಅವನೀಗ ಅಪಾರ್ಟ್‌ಮೆಂಟಿನ ಸಂಘಕ್ಕೆ ಅಧ್ಯಕ್ಷ. ಮಕ್ಕಳಿಗೊಂದು ಆಟದಂಗಳ ಮಾಡಿಸಿ, ದಸರೆಗೆ ಮುಂಚೆ ಉದ್ಘಾಟಿಸಿ, ಶಾಲು ಹಾರ ಫೋಟೋ ಎಲ್ಲ ಆಗಬೇಕಿತ್ತು. "ಬಾವಾ, ಮೀರೇ ವೆಯ್ಯಾಲಿ. ಕಾನಿ ಕೊತ್ತ ಮಾಲು. ಪಾತದಿ ವದ್ದು," ಎಂದ. ಇವನೇ ಹಾಕಬೇಕಂತೆ, ಆದರೆ ಹೊಸ ಮಾಲೇ ಆಗಬೇಕು, ಹಳೆಯದು ಬೇಡ. ಆ ಕೊನೆಯ ಮಾತನ್ನು ಆಡದೇ ಇದ್ದಿದ್ದರೆ ಬಾಲಚಂದ್ರ ಬಹುಶಃ ಹೊಸದನ್ನೇ ಹಾಕುತ್ತಿದ್ದ. ಆಡಿಬಿಟ್ಟ. ಆ ಗಳಿಗೆಯಲ್ಲಿ ಬಾಲಚಂದ್ರನ ತಲೆಯೊಳಗೆ ಸಂಚು ಪೂರ್ತಿಯಾಗಿಯೇ ಹುಟ್ಟಿತು. ಅತ್ಯಂತ ಹಳೆಯದನ್ನೇ ಹಾಕಬೇಕು. ಹೊಸದರ ಬೆಲೆ ತೆಗೆದುಕೊಳ್ಳಬೇಕು. ಅದೇ ದುರ್ಗಾಪ್ರಸಾದನ ಕೈಯಿಂದ, ಇಡೀ ಪಟಮಟದ ಎದುರು, ಮೊದಲ ಶಾಲು ಹೊದಿಸಿಕೊಳ್ಳಬೇಕು.

ಹಣದಾಸೆ ಇರಲಿಲ್ಲವೆಂದಲ್ಲ. ಆದರೆ ಅದು ಊಟದ ಕೊನೆಯ ಎಲೆ ಅಡಿಕೆ ಇದ್ದಂತೆ. ಅವನಿಗೆ ಬೇಕಾಗಿದ್ದುದು ಆ ಶಾಲು. ರಾತ್ರಿ ಭವಾನಿಯ ಪಕ್ಕದಲ್ಲಿ ಮಲಗಿ, ಅಣ್ಣ ತನಗೆ ಶಾಲು ಹೊದಿಸುವಾಗ ಇವಳ ಮುಖ ಹೇಗಿರುತ್ತದೆ ಎಂದು ನೆನೆದುಕೊಂಡರೆ ಅವನಿಗೆ ನಿಜಕ್ಕೂ ಕಣ್ಣು ತುಂಬಿ ಬರುತ್ತಿತ್ತು.

ಅಪರಾಧಕ್ಕೆ ಇದಕ್ಕಿಂತ ಒಳ್ಳೆಯ ವಸ್ತುವನ್ನು ಬ್ರಹ್ಮನೂ ಸೃಷ್ಟಿಸಿಲ್ಲ ಎಂದು ಅವನಿಗೆ ಯೋಚಿಸಿದಷ್ಟೂ ಮನವರಿಕೆಯಾಯಿತು. ರಬ್ಬರ್ ಚೂರು ಕೊಳೆಯುವುದಿಲ್ಲ, ಹುಳ ಹಿಡಿಯುವುದಿಲ್ಲ, ಮಾಸುವುದಿಲ್ಲ. ಹತ್ತು ವರ್ಷ ಹಾಗೇ ಇರುತ್ತದೆಂದು ಕಂಪನಿಯವರೇ ಗ್ಯಾರಂಟಿ ಕೊಡುತ್ತಾರೆ. ಅಂದಮೇಲೆ ಮೂರು ವರ್ಷ ತುಳಿಸಿಕೊಂಡ ಚೂರಿಗೂ ನಿನ್ನೆ ಹುಟ್ಟಿದ ಚೂರಿಗೂ ವ್ಯತ್ಯಾಸ ಹೇಳುವವರು ಯಾರು? ಕಾಲಿಟ್ಟರೆ ಹೆಜ್ಜೆ ಗುರುತೂ ಮೂಡುವುದಿಲ್ಲ. ಮುಪ್ಪಿಲ್ಲದ ಮಾಲಿಗೆ ಸಾಕ್ಷಿಯೂ ಇಲ್ಲ. ಜೊತೆಗೆ ಪುಣ್ಯವೂ ಉಂಟು. ಟೈರನ್ನು ಮರುಬಳಕೆ ಮಾಡಿದವನನ್ನು ಲೋಕ ಹೊಗಳುವುದಾದರೆ, ಮರುಬಳಕೆಯಾದದ್ದನ್ನೇ ಮತ್ತೊಮ್ಮೆ ಬಳಸುವವನನ್ನು ಪರಿಸರ ದಿನದಂದು ಪಲ್ಲಕ್ಕಿಯಲ್ಲಿ ಕೂರಿಸಬೇಕಲ್ಲವೇ?

ಮಾಲು ಎಲ್ಲಿದೆ ಎಂಬುದೂ ಗೊತ್ತಿತ್ತು. ವೈಜಾಗಿನ ಬೀಚ್ ರಸ್ತೆಯ ಅಪಾರ್ಟ್‌ಮೆಂಟೊಂದರ ಆಟದಂಗಳಕ್ಕೆ ಮೂರು ವರ್ಷದ ಹಿಂದೆ ಅವನೇ ಹಾಸಿದ್ದ ಒಳ್ಳೇ ಮಲ್ಚ್ ಅದು. ಅಲ್ಲಿನ ಕಾರ್ಯದರ್ಶಿ ರಾಜ್ಯಲಕ್ಷ್ಮಿ ಬಳ್ಳಾರಿಯ ಹೆಣ್ಣುಮಗಳು, ಮದುವೆಯಾಗಿ ಇಲ್ಲಿಗೆ ಬಂದವರು. ಆಗ ಅಂಗಳದಲ್ಲಿದ್ದುದು ಸಿಮೆಂಟ್ ನೆಲ. ಅವರ ಮೊಮ್ಮಗ ತೇಜ ಜಾರುಬಂಡಿಯಿಂದ ಬಿದ್ದು ಕೈ ಮುರಿದುಕೊಂಡ ಮೇಲೆ, ಆಕೆ ಮನೆಮನೆಯ ಬಾಗಿಲು ಬಡಿದು, ಜಗಳವಾಡಿ, ಎಲ್ಲರನ್ನೂ ಒಪ್ಪಿಸಿ ಈ ರಬ್ಬರು ಹಾಕಿಸಿದ್ದರು. ಕೆಲಸವನ್ನು ಬಾಲಚಂದ್ರನಿಗೇ ಕೊಟ್ಟದ್ದೂ ಕನ್ನಡದವನೆಂಬ ಒಂದೇ ಕಾರಣಕ್ಕೆ. ನಿರ್ವಹಣೆಯೂ ಅವನದೇ. ಬೀಗದ ಕೈಯನ್ನೇ ಕೊಟ್ಟವರ ಮನೆಗೆ ಕನ್ನ ಹಾಕುವ ಅಗತ್ಯವೇನು?

ಒಂದು ದಿನ ಅವನು ಹೋಗಿ, "ಮೂರು ಮಳೆಗಾಲ ಕಂಡೈತ್ರೀ ಅಮ್ಮಾರೇ. ಒಂದ್ಸಲ ತಗೊಂಡೋಗಿ ತೊಳ್ದು ಒಣಗ್ಸಿ ಹಾಕ್ತೀನಿ," ಎಂದ.

"ರಬ್ಬರ್‌ನೂ ತೊಳಿಬೇಕೇನಪಾ?" ರಾಜ್ಯಲಕ್ಷ್ಮಿ ಕೇಳಿದರು.

"ಮಕ್ಕಳ ಆರೋಗ್ಯದ ವಿಷಯ ನೋಡ್ರಿ."

"ಹಂಗಾರ ಮಾಡಪಾ. ನೀ ಹೇಳಿದ್ ಮ್ಯಾಲೆ ಮುಗೀತು. ಆದ್ರ ಲಗೂನ ಹಾಕು, ಹುಡುಗ್ರು ಆಡಾಕ ಇಲ್ದ ಒದ್ದಾಡ್ತಾವ."

ಎಷ್ಟು ಸುಲಭ! ಬಾಲಚಂದ್ರನಿಗೆ ಆಕೆಯ ಮೇಲೆ ಗೌರವವೇ ಹೆಚ್ಚಿತು.

ಮಾಲು ವೈಜಾಗಿನ ಹೊರವಲಯದ ಪರವಾಡದಲ್ಲಿದ್ದ ಅವನ ಶೆಡ್ಡಿಗೆ ಹೋಯಿತು. ಸುತ್ತಲೂ ಔಷಧಿ ಕಾರ್ಖಾನೆಗಳು, ಪಾಳಿಗೆ ಪಾಳಿ ಕಂಪನಿ ಬಸ್ಸುಗಳು. ಒಂದು ಲಾರಿ ಬಂದದ್ದನ್ನೋ ಹೋದದ್ದನ್ನೋ ಅಲ್ಲಿ ಯಾರೂ ಕತ್ತೆತ್ತಿ ನೋಡುವುದಿಲ್ಲ. ದೊಡ್ಡ ತೊಟ್ಟಿಯಲ್ಲಿ ನೀರು ತುಂಬಿಸಿ ಚೂರುಗಳನ್ನು ಸುರಿಸಿದ. ಟೈರಿನ ರಬ್ಬರು ಮುಳುಗುತ್ತದೆ, ಒಣಗಿದ ಎಲೆ, ಐಸ್‌ಕ್ರೀಮ್ ಕಡ್ಡಿ, ಚಾಕಲೇಟ್ ಕಾಗದ ತೇಲುತ್ತವೆ. ತೇಲಿದ್ದನ್ನು ಜಾಲರಿಯಿಂದ ಎತ್ತಿ ಬಿಸಾಡಿದ್ದಾಯಿತು. ಹೇರ್‌ಪಿನ್ನು, ಮೊಳೆಗಳನ್ನು ಅಯಸ್ಕಾಂತದ ಕೋಲು ಎಳೆದುಕೊಂಡಿತು. ಆಮೇಲೆ ಹತ್ತಿರದ ಬೆಸ್ತರ ಹಳ್ಳಿಯಿಂದ ಬರುವ ಹೆಂಗಸರನ್ನು ಕೂರಿಸಿ, ಕಸವೆಂದು ಕಂಡದ್ದನ್ನೆಲ್ಲ ಕೈಯಿಂದ ಆರಿಸಿಸಿದ. ಗೋಲಿ, ಬಳೆಚೂರು, ಒಂದು ಗೊಂಬೆಯ ಕೈ ಸಿಕ್ಕವು. ಬಾಲಚಂದ್ರ ತಾನೇ ಮೊಣಕಾಲೂರಿ ಕೂತು ರಾಶಿಯಲ್ಲಿ ಕೈಯಾಡಿಸಿ ನೋಡಿದ. ಚೊಕ್ಕಟವಾಗಿತ್ತು. ಹೊಸ ರಬ್ಬರಿಗೆ ಒಂದು ಘಾಟು ವಾಸನೆ ಇರುತ್ತದಲ್ಲ, ಅದಕ್ಕಾಗಿ ಪ್ರತಿ ಚೀಲದ ಬಾಯಿಗೆ ನಾಲ್ಕು ಬೊಗಸೆ ನಿಜವಾದ ಹೊಸ ಮಾಲು ಹಾಕಿಸಿದ. ಚೀಲಗಳೂ ಹೊಸವು, ವಿಜಯವಾಡದಾಚೆಯ ಕೊಂಡಪಲ್ಲಿಯ ರಬ್ಬರ್ ಕಾರ್ಖಾನೆಯೊಂದರ ಹೆಸರಿದ್ದವು. ಅಲ್ಲಿನ ದಲ್ಲಾಳಿಯೊಬ್ಬ ಖಾಲಿ ಚೀಲಗಳನ್ನು ಕೊಟ್ಟು, ಏಕೆಂದು ಕೇಳದೇ ಇರುವಷ್ಟು ಸಜ್ಜನನಾಗಿದ್ದ.

ವೈಜಾಗಿನ ಅಂಗಳವನ್ನು ಖಾಲಿ ಬಿಡುವಷ್ಟು ದಡ್ಡನಲ್ಲ ಅವನು. ಕೆಡವಿದ ಕಟ್ಟಡದ ಪುಡಿಯನ್ನು ತಂದು ತುಂಬಿಸಿ, ದಮ್ಮಸು ಮಾಡಿಸಿ, ಮೇಲೆ ಎರಡು ಬೆರಳಷ್ಟು ರಬ್ಬರು ಉದುರಿಸಿದ. ನೋಡುವವರ ಕಣ್ಣಿಗೆ ಅದೇ ಹಾಸಿಗೆ. ಬಿದ್ದ ಮಗುವಿಗೆ ಮಾತ್ರ ಅದು ಕಲ್ಲುನೆಲ. ಈ ವಿಚಾರ ಅವನ ಮನಸ್ಸಿಗೆ ಬಾರದೆ ಇರಲಿಲ್ಲ. ಬಂತು, ಒಂದು ಗಳಿಗೆ ಕೂತಿತು. 'ನಾವೇನು ಹಂಸತೂಲಿಕಾತಲ್ಪದ ಮೇಲೆ ಬಿದ್ದು ಬೆಳೆದೆವೇ? ಈಗಿನ ಮಕ್ಕಳಿಗೆ ಬೀಳುವುದೇ ಮರೆತುಹೋಗಿದೆ' ಎಂದು ಅವನು ಅದನ್ನು ಸಮಾಧಾನಪಡಿಸಿ ಕಳಿಸಿದ.

ಲಾರಿಯನ್ನು ನೇರವಾಗಿ ಪಟಮಟಕ್ಕೆ ಒಯ್ಯಲಿಲ್ಲ. ವೈಜಾಗಿನ ಕಡೆಯಿಂದ ಬಂದ ಲಾರಿಯೆಂದು ಯಾರಾದರೂ ಅಂದರೆ? ವಿಜಯವಾಡವನ್ನು ದಾಟಿಸಿ, ಕೊಂಡಪಲ್ಲಿಯ ತನಕ ಹೋಗಿ, ಟೀ ಕುಡಿದು, ಅಲ್ಲಿಂದ ತಿರುಗಿ ಬಂದ. ದುರ್ಗಾಪ್ರಸಾದನ ಮೊಮ್ಮಗಳು ಅಖಿಲಾಗೆ ಅಲ್ಲಿನದೇ ಮರದ ಆನೆ ಅಂಬಾರಿಯ ಬೊಂಬೆಯೊಂದನ್ನೂ ಕೊಂಡ. ಕೊಂಡಪಲ್ಲಿಯಿಂದಲೇ ಬಂದದ್ದಕ್ಕೆ ಇದಕ್ಕಿಂತ ಮುದ್ದಾದ ರುಜುವಾತು ಬೇಕೆ! ಚೀಲಗಳನ್ನು ಸಂಘದವರೆಲ್ಲರ ಮುಂದೆಯೇ ಬಿಚ್ಚಬೇಕೆಂದು ಹಟ ಹಿಡಿದವನೂ ಅವನೇ. ದುರ್ಗಾಪ್ರಸಾದ್ ಮೊದಲ ಚೀಲಕ್ಕೆ ಕುಂಕುಮವಿಟ್ಟು, ನಿಂಬೆಹಣ್ಣು ಕುಯ್ದು, ದಾರ ಕತ್ತರಿಸಿ, ಮೂಗಿಟ್ಟು ಮೂಸಿದ.

"ಕೊತ್ತ ವಾಸನ!" ಎಂದ, ಹೊಸ ವಾಸನೆಯನ್ನು ತಾನೇ ಕಂಡುಹಿಡಿದವನಂತೆ.

"ಕನಕದುರ್ಗಮ್ಮನಾಣೆ ಬಾವಾ," ಎಂದು ಬಾಲಚಂದ್ರ ತೆಲುಗಿನಲ್ಲೇ ಹೇಳಿದ, "ಕೊಂಡಪಲ್ಲಿಯ ಮಿಷಿನ್ನಿನಿಂದ ನೇರ ಈ ಚೀಲಕ್ಕೆ ಬಿದ್ದದ್ದು. ನಿಮ್ಮ ಮಕ್ಕಳ ಪಾದಕ್ಕಿಂತ ಮೊದಲು ಯಾರ ಪಾದವೂ ಇದನ್ನು ಮುಟ್ಟಿಲ್ಲ. ಇದರಲ್ಲಿ ರಬ್ಬರು ಬಿಟ್ಟು ಬೇರೇನಾದರೂ ಸಿಕ್ಕರೆ ನಾನು ಈ ಮನೆಯ ಅಳಿಯನೇ ಅಲ್ಲ."

ಉಳಿದದ್ದು ಒಂದೇ. ದುರ್ಗಾಪ್ರಸಾದನಿಗೆ ಉದ್ಘಾಟನೆಗೊಬ್ಬ ಅತಿಥಿ ಬೇಕಿತ್ತು, ಈ ರಬ್ಬರನ್ನು ಮೊದಲೇ ಬಳಸಿ ಗೊತ್ತಿರುವವರಾದರೆ ಇನ್ನೂ ಒಳ್ಳೆಯದು. ಇನ್ನೊಬ್ಬನಾಗಿದ್ದರೆ ಹೆದರುತ್ತಿದ್ದ. ಬಾಲಚಂದ್ರ ಒಂದಿಷ್ಟೂ ಯೋಚಿಸದೆ ರಾಜ್ಯಲಕ್ಷ್ಮಿಯ ಹೆಸರು ಹೇಳಿದ. ಕಳುವಾದ ಮಾಲಿಗೆ ಅದರ ಒಡತಿಯಿಂದಲೇ ಹೊಗಳಿಕೆ! ಕದ್ದವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ, ಇಂಥ ರಸಿಕತೆ ಯಾರಿಗಿತ್ತು? ರಾಜ್ಯಲಕ್ಷ್ಮಿಗೂ ವಿಜಯವಾಡದ ಬೆಟ್ಟದ ಮೇಲಿನ ಕನಕದುರ್ಗಮ್ಮನ ದರ್ಶನ ಮಾಡಬೇಕೆಂಬ ಆಸೆ ಇತ್ತು. ರೈಲಿನಲ್ಲಿ ಬಂದರು, ದರ್ಶನ ಮುಗಿಸಿ ಹಣೆ ತುಂಬ ಕುಂಕುಮದೊಂದಿಗೆ ನೇರ ಪಟಮಟಕ್ಕೇ ಬಂದರು.

ಭಾನುವಾರ ಬೆಳಿಗ್ಗೆ ಶಾಮಿಯಾನ ಎದ್ದಿತ್ತು. ತೆಂಗಿನಕಾಯಿ ಒಡೆದರು, ರಿಬ್ಬನ್ ಕತ್ತರಿಸಿದರು, ಮಕ್ಕಳು ಕಿರುಚುತ್ತ ಒಳಗೆ ನುಗ್ಗಿದವು. ದುರ್ಗಾಪ್ರಸಾದ್ ಭೂಮಿತಾಯಿಯ ಬಗ್ಗೆ, ಪ್ಲಾಸ್ಟಿಕ್ಕಿನ ಬಗ್ಗೆ, ತನ್ನ ಬಗ್ಗೆ ಉದ್ದಕ್ಕೆ ಮಾತಾಡಿದ. ಕಡೆಗೆ, "ಇಷ್ಟೆಲ್ಲ ಆದದ್ದು ನಮ್ಮ ಮನೆಯ ಅಳಿಯನಿಂದ, ಪರಿಸರದ ಎಂಜಿನಿಯರ್ ಬಾಲಚಂದ್ರಗಾರಿಂದ" ಎಂದ. ಹಳೇ ಟೈರು ಎಂಬ ಮಾತೇ ಇಲ್ಲ! ಮೊದಲ ಸಾಲಿನಲ್ಲಿ ಭವಾನಿ ಸೆರಗು ಸರಿಮಾಡಿಕೊಂಡು ಪಕ್ಕದವಳ ಕಡೆ ನೋಡಿದಳು. ಬಾಲಚಂದ್ರನಿಗೆ ಹಿಗ್ಗು ಎದೆಯಲ್ಲಿ ಹಿಡಿಸಲಿಲ್ಲ. ಶ್ರಮಪಟ್ಟು ಪ್ರಾಮಾಣಿಕವಾಗಿ ಬದುಕಿದ್ದರೆ ಈ ದಿನ ಬರುತ್ತಿತ್ತೇ ಎಂದುಕೊಂಡ. ಈಗ ರಾಜ್ಯಲಕ್ಷ್ಮಿ ಮೈಕಿನ ಮುಂದೆ ನಿಂತು, ತಮ್ಮ ಮೊಮ್ಮಗನ ಮುರಿದ ಕೈಯ ಕತೆ ಹೇಳುತ್ತ, ಈ ರಬ್ಬರು ಬಂದ ಮೇಲೆ ತಮ್ಮಲ್ಲಿ ಒಂದು ಮಗುವಿಗೂ ಏಟಾಗಿಲ್ಲವೆಂದು ತೆಲುಗಿನಲ್ಲಿ ಹೊಗಳುತ್ತಿದ್ದರು. ದುರ್ಗಾಪ್ರಸಾದ್ ಶಾಲಿನ ಮಡಿಕೆ ಬಿಚ್ಚಿ ಎರಡೂ ಕೈಯಲ್ಲಿ ಹಿಡಿದು ಹತ್ತಿರ ಬಂದ. ಬಾಲಚಂದ್ರ ಭುಜವನ್ನು ತುಸು ಬಗ್ಗಿಸಿದ.

ಆಗ ಅಖಿಲಾ ಫ್ರಾಕಿನ ಅಂಚನ್ನು ಜೋಳಿಗೆ ಮಾಡಿಕೊಂಡು ಓಡಿಬಂದು, "ತಾತಯ್ಯಾ, ಗವ್ವಲು! ಎನ್ನೆನ್ನೋ ಉನ್ನಾಯಿ!" ಎಂದು ಅದರಲ್ಲಿದ್ದುದನ್ನೆಲ್ಲ ಮೇಜಿನ ಮೇಲೆ ಸುರಿದಳು. ಬೆರಳುಗುರಿನಷ್ಟು ಗಾತ್ರದ, ಕಂದು, ಬಿಳಿ, ನಸುಗೆಂಪಿನ ಸಮುದ್ರದ ಚಿಪ್ಪುಗಳು, ಎಷ್ಟೊಂದು! ಸಮುದ್ರವೇ ಇಲ್ಲದ ಊರಿನ ಮಕ್ಕಳು ಜಾರುಬಂಡಿ, ಉಯ್ಯಾಲೆ ಎಲ್ಲ ಬಿಟ್ಟು ರಬ್ಬರಿನಲ್ಲಿ ಕೂತು ಅವನ್ನೇ ಆಯುತ್ತಿದ್ದವು. ಬಾಲಚಂದ್ರ ಅವನ್ನು ಪರವಾಡದಲ್ಲಿ ನೋಡಿರಲಿಲ್ಲವೆಂದಲ್ಲ. ಆರಿಸುತ್ತಿದ್ದ ಹೆಂಗಸರೂ ನೋಡಿದ್ದರು. ಆದರೆ ಕಡಲ ದಂಡೆಯ ಊರಿನಲ್ಲಿ ಚಪ್ಪಲಿಯಿಂದ, ಪೊರಕೆಯಿಂದ, ಹಾಸಿಗೆಯಿಂದ ದಿನಾ ಉದುರುವ ಚಿಪ್ಪನ್ನು ಯಾರು ಕಸವೆಂದು ಲೆಕ್ಕಕ್ಕೆ ಹಿಡಿಯುತ್ತಾರೆ? ರಾಜ್ಯಲಕ್ಷ್ಮಿಯ ಮಾತು ಅರ್ಧಕ್ಕೇ ನಿಂತಿತು. ಒಂದು ಚಿಪ್ಪನ್ನು ಎತ್ತಿ ಹಿಡಿದು, ಬಾಲಚಂದ್ರನನ್ನು ನೋಡಿ, ಫೋನ್ ತೆಗೆದು ವೈಜಾಗಿನ ತಮ್ಮ ಅಪಾರ್ಟ್‌ಮೆಂಟಿನ ಕಾವಲುಗಾರನಿಗೆ ಮಾಡಿದರು. "ರಾಮ್‌ಪ್ರಸಾದ್, ಮುಂದು ಪಿಲ್ಲಲ್ನಿ ದಿಂಪು. ಒಕ್ಕರ್ನೀ ಎಕ್ಕನಿವ್ವಕು." ಮೊದಲು ಮಕ್ಕಳನ್ನು ಜಾರುಬಂಡಿಯಿಂದ ಇಳಿಸು, ಒಬ್ಬರನ್ನೂ ಹತ್ತಲು ಬಿಡಬೇಡ. ಮೈಕು ಇನ್ನೂ ಆರಿರಲಿಲ್ಲ, ಇಡೀ ಶಾಮಿಯಾನಕ್ಕೆ ಕೇಳಿಸಿತು. ದುರ್ಗಾಪ್ರಸಾದನ ಕೈಯ ಶಾಲು ಕೈಯಲ್ಲೇ ಉಳಿಯಿತು. ಬೀಚಿನಿಂದ ಮಕ್ಕಳು ಜೇಬು ತುಂಬಿಕೊಂಡು ಬರುವ ಚಿಪ್ಪುಗಳು ಬಾಗಿಲಿಗೆ ಸಿಕ್ಕಿ ಲಿಫ್ಟು ಕೆಡುತ್ತಿದೆಯೆಂದು, ಎಲ್ಲವನ್ನೂ ಜಾರುಬಂಡಿಯ ಬುಡದಲ್ಲಿ ಸುರಿದೇ ಒಳಗೆ ಬರಬೇಕೆಂಬ ನಿಯಮ ಮಾಡಿದವರು ರಾಜ್ಯಲಕ್ಷ್ಮಿ. ಈ ಮೂರು ವರ್ಷ ಪ್ರತಿ ಸಂಜೆ ಎದುರು ನಿಂತು ಸುರಿಸಿದವರೂ ಅವರೇ.