ಎರಡು ಕೊಡಲಿ, ಒಂದೇ ಏಟು

ಆನೆಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ, ಹೊನ್ನೂರು ಮತ್ತು ಹೊಳೆಸೀಮೆ ಎಂಬ ಎರಡು ರಾಜ್ಯಗಳ ಗಡಿಯಲ್ಲಿ ಒಂದು ಕಾಡಿತ್ತು. ಗಡಿಯ ಈಚೆ ಮೇವು, ಆಚೆ ನೀರು. ಈಚೆಯ ಕಾಡು ಕಾಯುವವಳು ಕೇತಮ್ಮ, ಆಚೆಯದನ್ನು ಕಾಯುವವನು ಜಡೆಯ. ಕಾಡುಕಿಚ್ಚು ದಾಟದಂತೆ ಗಡಿಯ ಪೊದೆಗಳನ್ನು ವರ್ಷವರ್ಷವೂ ಇಬ್ಬರೂ ಸೇರಿಯೇ ಸವರುತ್ತಿದ್ದರು.

ಕಂಟಕನೆಂಬ ಮಾಂತ್ರಿಕ ಬಂದು ಇಬ್ಬರು ರಾಜರ ಕಿವಿಯಲ್ಲೂ ಊದಿದ: “ನಿಮ್ಮ ಆನೆಗಳನ್ನು ಆಚೆಯವರು ಕದಿಯುತ್ತಿದ್ದಾರೆ, ಮಹಾಪ್ರಭು!” ರಾಜರಿಗೆ ಅಷ್ಟೇ ಸಾಕಾಯಿತು. ಅಪ್ಪಣೆ ಸಿಕ್ಕಿದ್ದೇ ತಡ, ಕಂಟಕನ ಮಂತ್ರಕ್ಕೆ ಗಡಿಯುದ್ದಕ್ಕೂ ಮುಳ್ಳಿನ ಗೋಡೆ ಮುಗಿಲೆತ್ತರ ಬೆಳೆದು ನಿಂತಿತು. ಈಚೆ ಉಳಿದ ಆನೆಗಳಿಗೆ ನೀರಿಲ್ಲ. ಹಿಂಡಿನ ಮರಿ ಬಾಯಾರಿ ಕುಸಿದು ಬಿತ್ತು.

“ಗೋಡೆಗೆ ಮೂರು ಬೇರು ತಾಯಿ,” ಎಂದಿತು ತಾಯಾನೆ. ಮಾಂತ್ರಿಕ ಗೊಣಗಿದ್ದನ್ನೆಲ್ಲ ಅದು ಕೇಳಿಸಿಕೊಂಡಿತ್ತು. ಅಷ್ಟಗಲದ ಕಿವಿ ಇರುವುದೇಕೆ ಮತ್ತೆ! “ಎರಡೂ ಕಡೆಯಿಂದ ಒಟ್ಟಿಗೇ ಏಟು ಬೀಳಬೇಕು. ಒಂಟಿ ಏಟು ಹಾಕಿದವರು ಕಲ್ಲಾಗುತ್ತಾರೆ.”

ಕೇತಮ್ಮ ಕೊಡಲಿ ತಂದಳು. ಗೋಡೆಯಾಚೆಯ ಜಡೆಯನಿಗೆ ಎಲ್ಲವನ್ನೂ ಕೂಗಿ ಹೇಳಿದಳು.

“ಆಯ್ತು, ನಾನಿವ್ನಿ ಕಣಕ್ಕಾ,” ಎಂದ ಜಡೆಯ. ಮುಖ ಕಾಣದು, ದನಿಯಷ್ಟೇ.

ಮೊದಲ ಬೇರಿಗೆ ಎರಡು ಕೊಡಲಿಯೂ ಒಟ್ಟಿಗೇ ಬಿದ್ದವು. ಬೇರು ತುಂಡಾಯಿತು.

ಎರಡನೆಯ ಬೇರಿನ ಹೊತ್ತಿಗೆ ಕಂಟಕ ಬಿರುಗಾಳಿ ಎಬ್ಬಿಸಿದ. ಮಾತು ಸರಿಯಾಗಿ ಕೇಳದೆ ಕೇತಮ್ಮನ ಏಟು ಒಂದಿಷ್ಟೇ ಮುಂಚೆ ಬಿತ್ತು. ಬೇರು ತುಂಡಾಯಿತು, ಅವಳ ಎಡಗೈ ಕಲ್ಲಾಯಿತು. ಅಯ್ಯೋ, ಇನ್ನೂ ಒಂದು ಬೇರಿದೆಯಲ್ಲ!

ಗಾಳಿ ನಿಂತಿತು. “ಹೊಡಿ ಅಕ್ಕಾ, ಈಗ್ಲೇ!” ಜಡೆಯನದೇ ದನಿ.

ಕೇತಮ್ಮ ಬಲಗೈಯಲ್ಲಿ ಕೊಡಲಿ ಎತ್ತಿದವಳು ತಡೆದಳು. ಪೊದೆಯೊಳಗಿನ ಜೀವಗಳಿಗೆ ಸರಿದುಕೊಳ್ಳಿ ಎಂದು ಹೇಳದೆ ಜಡೆಯ ಎಂದೂ ಕೊಡಲಿ ಬೀಸಿದವನಲ್ಲ.

“ಹೊಡಿ, ಮರಿ ಸಾಯ್ತದೆ!” ಮತ್ತೆ ಅದೇ ದನಿ.

ಮರಿಯ ಕಣ್ಣು ನಿಜಕ್ಕೂ ಮುಚ್ಚುತ್ತಿತ್ತು. ತಾಯಾನೆ ಅದನ್ನು ಸೊಂಡಿಲಿನಿಂದ ಎತ್ತಿ ನಿಲ್ಲಿಸಲು ನೋಡುತ್ತಿತ್ತು. ಕೇತಮ್ಮ ಅಳುತ್ತಲೇ ಕಾದಳು. ತಾನು ಕಾಯುತ್ತಿರುವುದೇ ತಪ್ಪಾದರೆ?

ಕೊನೆಗೂ, ಕೂಗಿ ಕೂಗಿ ಗಂಟಲು ಕಟ್ಟಿದ ದನಿಯೊಂದು ಬಂತು: “ಹಾವಪ್ಪಾ, ಇರುವೆಯವ್ವಾ, ವಸಿ ಸರ್ಕೊಳ್ಳಿ, ಏಟು ಬೀಳ್ತದೆ!”

ಎರಡು ಕೊಡಲಿಯೂ ಬಿದ್ದವು. ಗೋಡೆ ಬೂದಿಯಾಯಿತು. ಅದರೊಳಗೆ ಅಡಗಿ ಜಡೆಯನಂತೆ ದನಿ ತೆಗೆಯುತ್ತಿದ್ದ ಕಂಟಕ ಬಾಯಿ ತೆರೆದಂತೆಯೇ ಕಲ್ಲಾದ. ಕೇತಮ್ಮನ ಕೈ ಮತ್ತೆ ಬೆಚ್ಚಗಾಯಿತು.

ಮರಿಯನ್ನು ಎಲ್ಲರೂ ಸೇರಿ ಹೊಳೆಗೆ ನೂಕಿಕೊಂಡು ಹೋದರು. ಮೊದಲು ಅದು ನೀರು ಕುಡಿಯಿತು. ರಾಜರು ನಾಚಿಕೊಂಡದ್ದು ಆಮೇಲೆ. ಅಂದಿನಿಂದ ಎರಡೂ ರಾಜ್ಯದವರು ಆ ಕಾಡನ್ನು ಕೂಡಿಯೇ ಕಾಯುತ್ತಾ, ಆನೆಗಳ ಹೊಟ್ಟೆಯೂ ತಣ್ಣಗೆ, ತಮ್ಮ ಹೊಟ್ಟೆಯೂ ತಣ್ಣಗೆ ಬಾಳಿದರು.