ಹಿಂದೆ ಕೂತರೆ ಗೊತ್ತಾಗುತ್ತದೆ

ಅವಳು ನನ್ನನ್ನು ‘ಅಣ್ಣಾ’ ಎಂದು ಕರೆದಳು. ಜಗಳ ಅಲ್ಲಿಂದಲೇ ಶುರುವಾಯಿತು.

ನಾನು ಒಂದು ವ್ಯಾನಿನ ಕೆಳಗೆ ಮಲಗಿ ತುಕ್ಕು ಹಿಡಿದ ಬೋಲ್ಟಿನ ಜೊತೆ ಗುದ್ದಾಡುತ್ತಿದ್ದೆ. ಮೊದಲು ಅವಳ ಚಪ್ಪಲಿ ಕಂಡಿತು. ಆಮೇಲೆ ಚಪ್ಪಲಿಯ ಪಕ್ಕಕ್ಕೆ ಒಂದು ಗೋಣಿಚೀಲ ಬಂದು ಬಿತ್ತು. ಒಳಗೆ ಗಾಜಿನ ಚೂರುಗಳ ಸದ್ದು.

“ಅಣ್ಣಾ, ಸ್ವಲ್ಪ ಹೊರಗೆ ಬರ್ತೀರಾ? ನಿಮ್ಮ ಕೈಚಳಕ ತಂದಿದೀನಿ, ನೋಡಿ.”

ಎದ್ದು ಬಂದೆ. ಕಣ್ಣು ಕೆಂಪಗೆ, ಮೂಗಿನ ತುದಿ ಅದಕ್ಕಿಂತ ಕೆಂಪಗೆ, ಸೊಂಟದ ಮೇಲೆ ಕೈ. ಎದುರು ಬೀದಿಯ ಕನ್ನಡಿ ಅಂಗಡಿಯವಳು. ಗಾಜು ಕತ್ತರಿಸುವುದೂ ಅವಳೇ, ಅದನ್ನು ಪಿಕಪ್ಪಿನಲ್ಲಿ ಹೇರಿಕೊಂಡು ಮನೆಮನೆಗೆ ಮುಟ್ಟಿಸುವುದೂ ಅವಳೇ. ಹೋದ ವಾರ ಅದೇ ಪಿಕಪ್ಪನ್ನು ತಂದು ನಿಲ್ಲಿಸಿ, “ಗಾಡಿ ತುಂಬಾ ಎತ್ತಿ ಹಾಕುತ್ತೆ, ಗಾಜು ಉಳೀತಿಲ್ಲ, ಶಾಕ್ ಅಬ್ಸಾರ್ಬರ್ ಎಲ್ಲಾ ಬದಲಾಯಿಸಿ ಕೊಡಿ,” ಎಂದು ನಕ್ಕಿದ್ದಳು. ಆ ನಗುವಿಗಾಗಿ ನಾನು ಊಟ ಬಿಟ್ಟು ಕೆಲಸ ಮಾಡಿದ್ದೆ. ಅದಕ್ಕೆ ಸಿಕ್ಕ ಬಹುಮಾನ ಈ ಗೋಣಿಚೀಲ. ಮೇಲೆ ‘ಅಣ್ಣಾ’ ಬೇರೆ!

“ನಿಮಗೆ ಮನೇಲಿ ಒಬ್ಬ ಅಣ್ಣ ಇದಾರಲ್ಲ, ಸಾಲದಾ?” ಎಂದೆ.

“ಆ ಅಣ್ಣನೇ ಹೇಳಿದ್ದು. ಇನ್ನೊಂದು ಗಾಜು ಒಡೆದ್ರೆ ಗಾಡಿ ಮಾರಿಬಿಡ್ತಾನಂತೆ. ಡೆಲಿವರಿಗೆ ಬಾಡಿಗೆ ವ್ಯಾನು, ನನಗೆ ಕೌಂಟರು. ನಾಳೆ ಡ್ಯಾನ್ಸ್ ಸ್ಕೂಲಿಗೆ ಗೋಡೆಯಷ್ಟು ದೊಡ್ಡ ಕನ್ನಡಿ ಹೋಗ್ಬೇಕು. ಅದು ಚೂರಾದ್ರೆ ನನ್ನ ಕಥೆ ಮುಗೀತು.”

“ಗಾಡಿ ಓಡಿಸೋಕೆ ಬರದೆ ಇದ್ರೆ ಶಾಕ್ ಏನ್ರೀ ಮಾಡುತ್ತೆ?”

ಇದನ್ನು ಹೇಳಬಾರದಿತ್ತು. ಆದರೆ ನನ್ನ ಬಾಯಿಗೆ ಬ್ರೇಕ್ ಇಲ್ಲ. ಅದಕ್ಕೇ ಗ್ಯಾರೇಜಿನಲ್ಲಿ ನನಗೆ ‘ಕೆಂಡ’ ಎಂಬ ಅಡ್ಡಹೆಸರು.

ಅವಳು ಕಿರುಚಲಿಲ್ಲ. ಕೀಲಿಯನ್ನು ಬೆರಳಲ್ಲಿ ಒಮ್ಮೆ ತಿರುಗಿಸಿದಳು. “ಹತ್ತಿ.”

“ಎಲ್ಲಿಗೆ?”

“ಹಿಂದೆ. ಕನ್ನಡಿ ನಿಲ್ಲೋ ಜಾಗದಲ್ಲಿ.”

ಹತ್ತಿದೆ. ನನಗೇನು ಭಯವಾ? ಗಾಜು ಒರಗಿಸುವ ಮರದ ಚೌಕಟ್ಟಿಗೆ ಬೆನ್ನು ಕೊಟ್ಟು, ಮಹಾರಾಜನ ಹಾಗೆ ಕಾಲು ಚಾಚಿ ಕೂತೆ.

ರಸ್ತೆಯ ಮೊದಲ ಹಂಪಿಗೇ ಮಹಾರಾಜ ಗಾಳಿಯಲ್ಲಿದ್ದ. ಎರಡನೆಯದಕ್ಕೆ ನಾಲಿಗೆ ಕಚ್ಚಿಕೊಂಡೆ. ರಸ್ತೆ ಅಗೆದು ಮುಚ್ಚಿದ ಜಾಗದಲ್ಲಂತೂ ಜಲ್ಲಡಿಯೊಳಗಿನ ಕಾಳಾಗಿದ್ದೆ. “ನಿಲ್ಲಿಸ್ರೀ!” ಎಂದು ಕ್ಯಾಬಿನ್ನಿನ ಹಿಂದಿನ ಕಿಟಕಿಗೆ ಬಡಿದೆ. ಆಗ ಒಳಗೆ ಕಂಡದ್ದು ಅವಳ ಕಿವಿಯ ಓಲೆ. ಸಣ್ಣ ಸರಪಳಿಯಲ್ಲಿ ತೂಗುವ ನೀಲಿ ಮಣಿ. ನನ್ನ ಹಲ್ಲುಗಳೆಲ್ಲ ಕಟಕಟ ಅನ್ನುತ್ತಿದ್ದವು. ಆ ಮಣಿ ಮಾತ್ರ ನಿದ್ದೆ ಹೋದ ಮಗುವಿನ ಹಾಗೆ ತಣ್ಣಗಿತ್ತು.

ಅವಳ ಓಡಿಸುವಿಕೆಯಲ್ಲಿ ತಪ್ಪಿರಲಿಲ್ಲ. ತಪ್ಪು ನನ್ನ ಕೈಯದು.

ಗ್ಯಾರೇಜಿಗೆ ವಾಪಸು ಬಂದಾಗ ಅವಳು ಇಳಿದು ಬಂದು ಹಿಂದಿನ ಬಾಗಿಲಿಗೆ ಮೊಣಕೈ ಊರಿದಳು. “ಮುಂದೆ ತೊಟ್ಟಿಲು, ಹಿಂದೆ ಕುಟ್ಟಾಣಿ. ಒಂದೇ ಗಾಡಿ, ಒಬ್ಬರದೇ ಕೈ. ಯಾಕೆ ಹೀಗೆ?”

ನಾನು ಕೆಳಗೆ ಧುಮುಕಿದೆ. ಉತ್ತರ ಕೊಟ್ಟದ್ದು ನನ್ನ ಸೋದರಮಾವ, ಗ್ಯಾರೇಜಿನ ಯಜಮಾನ. ಟೀ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದ.

“ಅದಾ? ಮುಂದಿನ ಶಾಕ್ ಅವನೇ ಹುಡುಕಿ ಹುಡುಕಿ ತಂದ. ಹಾಕೋದು, ಬಿಚ್ಚೋದು, ಮತ್ತೆ ಹಾಕೋದು. ರಬ್ಬರ್ ಬುಷ್ ಹೊಸದು. ಡ್ರೈವರ್ ಸೀಟಿಗೆ ಹೊಸ ಫೋಮು. ಹಿಂದಕ್ಕೆ ನಾನೇ ಹೇಳಿದೆ, ಲೋಡ್ ಗಾಡಿ ಕಣೋ, ಸ್ಪ್ರಿಂಗ್ ಕಮಾನಿಗೆ ಒಂದು ಪ್ಲೇಟ್ ಜಾಸ್ತಿ ಕೊಟ್ಟು ಕೈ ತೊಳ್ಕೋ ಅಂತ.”

“ಅದು ಸಿಮೆಂಟ್ ಹೊರೋ ಗಾಡಿಗೆ, ಮಾವ!” ನಾನು ಸಿಡಿದೆ. “ಕನ್ನಡಿಗೆ ಭಾರ ಎಲ್ಲಿದೆ? ಕಮಾನು ಬಗ್ಗೋದೇ ಇಲ್ಲ. ರಸ್ತೆ ಕೊಟ್ಟ ಏಟೆಲ್ಲಾ ಸೀದಾ ಗಾಜಿಗೆ!”

“ಮತ್ತೆ ಆವತ್ತು ಯಾಕೆ ಹೇಳಲಿಲ್ಲ?” ಎಂದ ಮಾವ.

ಯಾಕೆಂದರೆ ಆವತ್ತು ನನ್ನ ತಲೆಯಲ್ಲಿ ಕನ್ನಡಿಯೇ ಇರಲಿಲ್ಲ. ಗಾಡಿ ರೆಡಿಯಾದ ಮೇಲೆ ಡ್ರೈವರ್ ಸೀಟಿನಲ್ಲಿ ಕೂತು ಊರೆಲ್ಲ ಸುತ್ತಿದ್ದೆ. ಹಿಂದೆ ಏನಾಗುತ್ತಿದೆ ಎಂದು ತಿರುಗಿಯೂ ನೋಡಿರಲಿಲ್ಲ.

ಅವಳು ನನ್ನನ್ನೇ ನೋಡುತ್ತಿದ್ದಳು. “ಸೀಟಿಗೆ ಫೋಮು ನಾನು ಕೇಳಿರಲಿಲ್ಲ.”

“ಕೇಳ್ಬೇಕಾ? ಗಾಡಿಯಿಂದ ಇಳಿಯುವಾಗೆಲ್ಲ ಸೊಂಟ ಹಿಡ್ಕೊಂಡು ಇಳೀತಿದ್ರಲ್ಲ! ದಿನಾ ನೋಡ್ತಿದ್ದೆ, ಕಣ್ಣಿಲ್ವಾ ನನಗೆ?”

“ದಿನಾ?”

ಮಾವ ಟೀ ಲೋಟದೊಳಗೆ ಏನನ್ನೋ ಹುಡುಕತೊಡಗಿದ. ಆಮೇಲೆ ಸದ್ದಿಲ್ಲದೆ ಒಳಗೆ ಹೋದ.

ಅವಳು ಕರಗುತ್ತಾಳೆ ಎಂದುಕೊಂಡೆ. ಸುಳ್ಳು. ಮೂಗಿನ ತುದಿ ಇನ್ನಷ್ಟು ಕೆಂಪಾಯಿತು.

“ನನ್ನ ಸೊಂಟದ ವಿಚಾರ ನಿಮಗೆ ಯಾರು ವಹಿಸಿದ್ರು? ನಾನು ಕೇಳಿದ್ದು ಗಾಜು ಉಳಿಸಿ ಕೊಡಿ ಅಂತ. ಗಾಜು ಉಳಿದ್ರೆ ತಾನೇ ನಾನು ಆ ಸೀಟಲ್ಲಿ ಕೂರೋದು? ನೀವು ಮೆತ್ತಗೆ ಮಾಡಿ ಕೊಟ್ಟ ಸೀಟಿಂದ ನೀವೇ ನನ್ನ ಇಳಿಸ್ತಿದೀರಿ!”

ನಾನು ಯಾರ ಮಾತಿಗೂ ತಲೆ ತಗ್ಗಿಸಿದವನಲ್ಲ. ಆವತ್ತು ತಗ್ಗಿಸಿದೆ. ಜಾಕಿ ಎತ್ತಿಕೊಂಡೆ.

ಹಿಂದಿನ ಚಕ್ರ ಬಿಚ್ಚಿದೆ. ಕಮಾನು ಕಳಚಿ, ಮಾವ ಹೇಳಿದ ಆ ಹೆಚ್ಚಿನ ಪ್ಲೇಟನ್ನು ಮೂಲೆಗೆ ಬಿಸಾಡಿದೆ. ಉಳಿದ ಪ್ಲೇಟುಗಳ ನಡುವಿನ ತುಕ್ಕು ಉಜ್ಜಿ ಗ್ರೀಸ್ ಬಳಿದೆ. ಹೊಸ ಬುಷ್, ಕಡಿಮೆ ಭಾರಕ್ಕೂ ಒತ್ತಿಕೊಳ್ಳುವ ಹೊಸ ಶಾಕ್. ಮರದ ಚೌಕಟ್ಟಿನ ಅಡಿಗೆ ದಪ್ಪ ರಬ್ಬರ್. ಅವಳು ಮನೆಗೆ ಹೋಗಲಿಲ್ಲ. ಟೂಲ್ ಡಬ್ಬದ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಕೇಳಿದ ಕೂಡಲೇ ಸ್ಪ್ಯಾನರ್ ಕೊಡುತ್ತಿದ್ದಳು.

“ಹದಿನೇಳು ಕೇಳಿದ್ದು. ಇದು ಹದಿನಾಲ್ಕು.”

“ಕೈಯೆಲ್ಲಾ ಗ್ರೀಸು, ನಂಬರ್ ಕಾಣ್ಸಲ್ಲ.”

“ಗಾಜಿಗೆ ಕೂದಲೆಳೆಯ ಅಳತೆ ನೋಡೋ ಕಣ್ಣಿಗೆ ನಂಬರ್ ಕಾಣಲ್ವಾ?”

“ಓಹೋ, ಅದೂ ನೋಡಿದೀರಾ?”

ಸ್ಪ್ಯಾನರ್ ನನ್ನ ಮೂಗಿನ ಮೇಲೆ ಬಿತ್ತು. ಅವಳು ನಕ್ಕಳು. ಗಾಡಿ ತಂದ ದಿನದ ನಗುವೇ. ನನಗೆ ನೋವೂ ಆಯಿತು, ಸಿಟ್ಟೂ ಬಂತು, ಇನ್ನೊಂದು ಸ್ಪ್ಯಾನರ್ ಬೀಳಲಿ ಎಂದೂ ಅನ್ನಿಸಿತು.

ಮರುದಿನ ಕನ್ನಡಿ ಹೊರಟಿತು. ಅವಳ ಅಣ್ಣ ಮುಂದಿನ ಸೀಟಿನಲ್ಲಿ ಕೈ ಕಟ್ಟಿ ಕೂತ, ಪರೀಕ್ಷಾ ಕೊಠಡಿಯ ಮೇಲ್ವಿಚಾರಕನ ಹಾಗೆ. ನಾನು ಹಿಂದೆ, ಕನ್ನಡಿಯ ಕಾವಲಿಗೆ. ಯಾರೂ ಕರೆದಿರಲಿಲ್ಲ. ಹತ್ತಿ ಕೂತಿದ್ದೆ, ಅಷ್ಟೇ.

ಅಣ್ಣ ಕಿಟಕಿಯಿಂದ ತಲೆ ಹಾಕಿ, “ಇವನ್ಯಾಕೆ?” ಎಂದ.

“ಗ್ಯಾರಂಟಿ,” ಎಂದಳು ಅವಳು.

ಅಂಚಿಗೆಲ್ಲ ಕಂಬಳಿ ಸುತ್ತಿದ್ದೆವು. ನಡುವೆ ಮಾತ್ರ ಕನ್ನಡಿ ತೆರೆದಿತ್ತು. ಓರೆಯಾಗಿ ಅದರೊಳಗೆ ಕ್ಯಾಬಿನ್ನಿನ ಹಿಂದಿನ ಕಿಟಕಿ ಕಾಣುತ್ತಿತ್ತು. ಕಿಟಕಿಯೊಳಗೆ ಡ್ರೈವರಿನ ಪುಟ್ಟ ಕನ್ನಡಿ, ಅದರೊಳಗೆ ಅವಳ ಕಣ್ಣು. ಒಮ್ಮೆ ಸಿಕ್ಕಿತು, ಜಾರಿತು. ಇನ್ನೊಮ್ಮೆ ಸಿಕ್ಕಿತು, ಜಾರಲಿಲ್ಲ. ‘ರಸ್ತೆ ನೋಡ್ರೀ’ ಎಂದು ಕೈಸನ್ನೆ ಮಾಡಿದೆ. ಕಣ್ಣು ಕಿರಿದಾಯಿತು. ತುಟಿ ಕಾಣದಿದ್ದರೂ ನಗು ಕಂಡಿತು.

ಡ್ಯಾನ್ಸ್ ಸ್ಕೂಲಿನ ಮುಂದೆ ಒಂದು ಹಂಪು. ನಿನ್ನೆ ಗೋಣಿಚೀಲದ ಗಾಜು ಪ್ರಾಣ ಬಿಟ್ಟದ್ದು ಅಲ್ಲೇ ಎಂದು ಅವಳು ಹೇಳಿದ್ದಳು. ನಾನು ಎರಡೂ ಕೈಯಲ್ಲಿ ಚೌಕಟ್ಟನ್ನು ಅಪ್ಪಿ ಹಿಡಿದೆ. ಮುಂದಿನ ಚಕ್ರ ಏರಿತು, ಇಳಿಯಿತು. ಹಿಂದಿನ ಚಕ್ರ ಏರಿತು. ಕಮಾನು ಉಸಿರು ಬಿಟ್ಟ ಹಾಗೆ ಬಗ್ಗಿತು, ಶಾಕ್ ಅದನ್ನು ಹಿಡಿದು ಮೆಲ್ಲನೆ ಕೂರಿಸಿತು. ಕನ್ನಡಿ ಚಕಾರ ಎತ್ತಲಿಲ್ಲ. ಅದರೊಳಗಿನ ಆ ಕಣ್ಣೂ ಕದಲಲಿಲ್ಲ.

ಅಣ್ಣ ಇಳಿದು ಕನ್ನಡಿಯ ನಾಲ್ಕೂ ಮೂಲೆ ತಡವಿದ. ಬೆರಳ ಗಂಟಿನಿಂದ ತಟ್ಟಿದ. ನನ್ನ ಕಡೆ ನೋಡಲೇ ಇಲ್ಲ. ಸ್ಕೂಲಿನವರು ಕನ್ನಡಿಯನ್ನು ಇಳಿಸಿ ಒಳಗೆ ಒಯ್ದ ಮೇಲೆ ತಂಗಿಗೆ, “ನಾನು ಗೋಡೆಗೆ ಕೂರಿಸಿ ಬರ್ತೀನಿ. ಸಂಜೆ ಇನ್ನೊಂದು ಡೆಲಿವರಿ ಇದೆ, ನೀನೇ ಹೋಗು,” ಎಂದು ಒಳಗೆ ನಡೆದ.

“ಒಂದು ಥ್ಯಾಂಕ್ಸ್ ಹೇಳಿದ್ರೆ ಗಂಟು ಹೋಗ್ತಿತ್ತಾ?” ನಾನು ಕುದಿಯುತ್ತಿದ್ದೆ.

ಅವಳ ಕಣ್ಣಲ್ಲಿ ನೀರಿತ್ತು. ಕೀಲಿಯನ್ನು ಮುಷ್ಟಿಯಲ್ಲಿ ಎದೆಗೊತ್ತಿ ಹಿಡಿದಿದ್ದಳು. “ಬನ್ನಿ, ಮುಂದೆ ಕೂತ್ಕೊಳ್ಳಿ.”

ಕೂತೆ. ಗಾಡಿ ಹೊರಟಿತು. ಸ್ವಲ್ಪ ದೂರ ಹೋದ ಮೇಲೆ, “ಹಿಂದೆ ಸರಿಹೋಯ್ತು. ನನ್ನ ಸೀಟಿನ ಫೋಮ್ ಕಿತ್ತುಬಿಟ್ರಾ?” ಎಂದಳು.

“ಯಾಕೆ ಕೀಳ್ತೀನಿ? ಮುಟ್ಟಿಲ್ಲ! ನಿಮ್ಮ ಸೊಂಟ ನೋಯ್ದೇ ಇರಲಿ ಅಂತಾನೇ ತಾನೇ ಹಾಕಿದ್ದು! ನಿಮಗೆ ನೋವಾದ್ರೆ ನನಗೆ ಕೆಲಸ ಓಡಲ್ಲ, ಊಟ ಇಳಿಯಲ್ಲ, ಗೊತ್ತಾ? ಕನ್ನಡಿ ಬೇರೆ ಅಲ್ಲ ನೀವು ಬೇರೆ ಅಲ್ಲ ಅಂತ ನನಗೆ ನಿನ್ನೆ ಅರ್ಥ ಆಯ್ತು. ಇನ್ನೇನು ಬೇಕು? ನಿಮ್ಮನ್ನ ಇಷ್ಟಪಡ್ತೀನಿ, ಸಾಕಾ?”

ಪಕ್ಕದ ಸೈಕಲ್ಲಿನವನು ತಿರುಗಿ ನೋಡಿದ.

“ಬೈಯೋ ಥರಾನೇ ಹೇಳ್ಬೇಕಾ?”

“ನನಗೆ ಬೇರೆ ಥರ ಬರಲ್ಲ! ಇನ್ನೊಂದು ಸಲ ಅಣ್ಣ ಅಂದ್ರೆ ಮಾತ್ರ ಸುಮ್ನಿರಲ್ಲ.”

“ಮತ್ತೆ ಏನಂತ ಕರೀಲಿ?” ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಕಿವಿ ಮಾತ್ರ ಮೂಗಿನಷ್ಟೇ ಕೆಂಪಾಯಿತು. “ರೀ… ಅಂತಾನಾ?”

ಹುಟ್ಟಿದಾಗಿನಿಂದ ಮೊದಲ ಸಲ, ನನ್ನ ಬಾಯಿಗೆ ಯಾವ ಸಿಟ್ಟೂ ಬರಲಿಲ್ಲ.

ಎದುರಿಗೆ ಹಂಪು. ಅವಳು ವೇಗ ಇಳಿಸಲಿಲ್ಲ.

“ರೀ,” ಎಂದಳು, “ಗಟ್ಟಿಯಾಗಿ ಹಿಡ್ಕೊಳ್ಳಿ.”