ಒಂಬತ್ತು ಎಂದರೆ ಎಷ್ಟು ಗಂಟೆ?

"ಈ ಡಬ್ಬಾ ಕೂರಿಸಿದ ಮಹಾನುಭಾವರು ನೀವೇನಾ?"

ಮಗೊಮೆನಿ ಬಸ್ ನಿಲ್ದಾಣದ ಹಿಂದಿನ ಗಲ್ಲಿ ಒಮ್ಮೆಲೇ ಸ್ತಬ್ಧವಾಯಿತು. ರೇಡಿಯೊ ರಿಪೇರಿ ಅಂಗಡಿಯ ಜಗಲಿಯ ಮೇಲೆ ಕಾಫಿ ಹೀರುತ್ತಾ ಬಾವೊ ಮಣೆಯಾಟ ಆಡುತ್ತಿದ್ದ ಮುದುಕರ ಕೈಯಲ್ಲಿನ ಕಾಯಿಗಳು ಇದ್ದಲ್ಲೇ ನಿಂತವು.

ಜೈತುನಿ ಕಂಕುಳಲ್ಲಿದ್ದ ರೇಡಿಯೊವನ್ನು ಧಡ್ಡನೆ ಮೇಜಿನ ಮೇಲಿಟ್ಟಳು. ಅದರ ವೈರು ಇನ್ನೂ ಬೀದಿಯ ಧೂಳಿನಲ್ಲಿ ಬಿದ್ದಿತ್ತು. ಅಷ್ಟು ಅವಸರದಲ್ಲಿ ಬಂದಿದ್ದಳು ಅವಳು... ಅಷ್ಟು ಸಿಟ್ಟಿನಲ್ಲಿ!

ಅಂಗಡಿಯವನು ತಲೆ ಎತ್ತಿದ. ಕೈಯಲ್ಲಿ ಹೊಗೆಯಾಡುವ ಬೆಸುಗೆ ಕಡ್ಡಿ, ಕಿವಿಯ ಹಿಂದೆ ಪೆನ್ಸಿಲ್. ಪೆಂಬಾ ದ್ವೀಪದ ಮಕಾಮೆ. ಗಲ್ಲಿಯವರ ಬಾಯಲ್ಲಿ ಫುಂಡಿ ಮಕಾಮೆ. ರಿಪೇರಿ ಬಲ್ಲ ಯಾರೇ ಆದರೂ ಈ ಊರಿನಲ್ಲಿ ಫುಂಡಿಯೇ.

"ನಾನೇ ಕೂರಿಸಿದ್ದು. ಕೆಟ್ಟೋಯ್ತಾ?"

"ಕೆಟ್ಟಿದ್ರೆ ಸಂತೋಷ ಪಡ್ತಿದ್ದೆ! ಬೆಳಗ್ಗೆ ಬಾಯಿ ಬಿಡಬೇಕಾದ ಡಬ್ಬಾ ನಿನ್ನೆ ಮಧ್ಯಾಹ್ನ ಎದ್ದು ಎಲೆಕೋಸಿನ ಧಾರಣೆ ಹೇಳ್ತು! ನಮ್ಮಪ್ಪ ಗಂಜಿ ಕೂಡ ಮುಟ್ಟದೆ ಅದರ ಮುಂದೆ ಕೂತಿದ್ರು. ಕಣ್ಣು ಕಾಣದ ಮನುಷ್ಯ! ಕೊನೆಗೆ ತಡಕಾಡಿ ಏನೋ ಒತ್ತಿದ್ದಕ್ಕೆ ಯಾವುದೋ ದೇಶದವನು ಹಿಮ ಬೀಳೋ ಸುದ್ದಿ ಓದಿದ್ನಂತೆ. ಹಿಮ! ನಮ್ಮ ದಾರ್ ಎಸ್ ಸಲಾಮಲ್ಲಿ!"

ಮುದುಕನೊಬ್ಬ ಕಿಸಕ್ಕನೆ ನಕ್ಕ. ಜೈತುನಿ ಅವನತ್ತ ತಿರುಗಿದ ರೀತಿಗೆ ನಗು ಕಾಫಿಯೊಳಗೆ ಮುಳುಗಿತು.

"ಅದು... ಬಿ ಜೈತುನಿ..." ಗೌರವದ 'ಬಿ' ಸೇರಿಸಿಯೇ ಶುರುಮಾಡಿದ ಅವನು.

"ಸಬೂಬು ಬೇಡ!"

ಆ ಮಾತು ಕೇಳಿ ಅವನ ತುಟಿಯಂಚಿನಲ್ಲಿ ನಗು ಸುಳಿಯಿತು. 'ನಗ್ತಾನಲ್ಲ! ನಮ್ಮ ಮನೆ ಮುರಿದು ನಗ್ತಾನಲ್ಲ!' ಅವಳ ಕಣ್ಣು ಉರಿಯಿತು.

ಮಕಾಮೆ ರೇಡಿಯೊದ ಗುಂಡಿ ತಿರುಗಿಸಿ ಪುಟ್ಟ ಪರದೆಯನ್ನು ನೋಡಿದ. ಅಂಗಿಯ ಜೇಬಿನಿಂದ ಮಡಚಿದ ಚೀಟಿ ತೆಗೆದ. ಚೀಟಿ ನೋಡಿದ. ಅವಳನ್ನು ನೋಡಿದ. ಜಗಲಿಯಲ್ಲಿ ಕಿವಿ ನಿಮಿರಿಸಿ ಕೂತವರನ್ನೂ ನೋಡಿದ. ಚೀಟಿ ಮತ್ತೆ ಜೇಬು ಸೇರಿತು.

"ತಪ್ಪು ನನ್ನದು," ಎಂದ. ಅಷ್ಟೇ.

ಜಗಳವಾಡಲು ಸೊಂಟ ಕಟ್ಟಿ ಬಂದವಳಿಗೆ ಎದುರಾಳಿ ಇಷ್ಟು ಬೇಗ ಸೋತರೆ ಏನು ಮಾಡಬೇಕು? ಸಿಟ್ಟು ಇನ್ನೂ ಏರಿತು!

"ನಿಮ್ಮ ತಪ್ಪು ಏನು ಮಾಡ್ತು ಗೊತ್ತಾ ನಿಮಗೆ?"

ಒಂದೇ ಉಸಿರಿಗೆ ಮನೆಯ ಕಥೆಯನ್ನೆಲ್ಲ ಹೇಳಿಬಿಟ್ಟಳು.

ಅವಳ ತಂದೆ ಶೆಲುಕಿಂದೊ, ಎಲ್ಲರ ಬಾಯಲ್ಲಿ 'ಮ್ಜೇ' ಅಂದರೆ ಹಿರಿಯರು, ಲುಶೋತೊ ಬೆಟ್ಟದವರು. ಅವರಿಗೆ ಒಬ್ಬಳೇ ತಂಗಿ, ಬಿ ತಾಬು. ಹನ್ನೊಂದು ವರ್ಷದ ಹಿಂದೆ ಅವರ ತಾಯಿ ತೀರಿಕೊಂಡಾಗ ತಂಗಿ ಬರುತ್ತಿದ್ದ ಬಸ್ಸು ಕೆಟ್ಟು ನಿಂತಿತು. ಅಣ್ಣ ಕಾಯಲಿಲ್ಲ. ಮಣ್ಣು ಮಾಡಿ ಕೈ ತೊಳೆಯುವ ಹೊತ್ತಿಗೆ ತಂಗಿ ಬಂದಿಳಿದಳು. ಅಮ್ಮನ ಮುಖ ಸಿಗಲಿಲ್ಲ. ಅಂದಿನಿಂದ ಅಣ್ಣ ತಂಗಿಯ ನಡುವೆ ಒಂದು ಮಾತಿಲ್ಲ.

ಕಳೆದ ತಿಂಗಳು ಲುಶೋತೊದಿಂದ ತರಕಾರಿ ತರುವವನ ಕೈಯಲ್ಲಿ ತಂಗಿಯ ಮಾತು ಬಂದಿತ್ತು. 'ಬರೋ ತಿಂಗಳ ಮೊದಲ ಶನಿವಾರ ನಮ್ಮೂರ ರೇಡಿಯೊದ ಸಲಾಂ ಕಾರ್ಯಕ್ರಮದಲ್ಲಿ ಅಣ್ಣನಿಗೆ ಸಲಾಂ ಹೇಳ್ತೀನಿ. ಅವತ್ತೇ, ಅಲ್ಲೇ, ಎಲ್ಲರೂ ಕೇಳೋ ಹಾಗೆ ಅವನು ವಾಪಸ್ ಸಲಾಂ ಹೇಳ್ಲಿ. ಹೇಳದೆ ಹೋದ್ರೆ ನಮ್ಮಿಬ್ಬರದು ಅಲ್ಲಿಗೆ ಮುಗೀತು.'

ಆ ಪುಟ್ಟ ಸ್ಟೇಷನ್ನು ಇಷ್ಟು ದೂರಕ್ಕೆ ಇಂಟರ್ನೆಟ್ಟಿನಲ್ಲಿ ಮಾತ್ರ ಬರುತ್ತದೆ. ಜೈತುನಿಯ ಫೋನು ಅವಳ ಜೊತೆಗೇ ಕೆಲಸಕ್ಕೆ ಹೋಗುತ್ತದೆ. ಅಪ್ಪನ ಹಳೆಯ ಫೋನಿನಲ್ಲಿ ಮಾತಾಡಬಹುದು ಅಷ್ಟೇ, ಇಂಟರ್ನೆಟ್ಟಿಲ್ಲ. ಅದಕ್ಕೇ ಈ ರೇಡಿಯೊ. ಅದಕ್ಕೇ ಈ ಫುಂಡಿ!

"ನಿನ್ನೆ ಸಂಜೆ ಅತ್ತೆಗೆ ನಾನೇ ಫೋನ್ ಮಾಡ್ದೆ. 'ನಾನು ಹೇಳಿದೆ, ಅವನು ಹೇಳ್ಲಿಲ್ಲ' ಅಂದ್ರು. ಇಟ್ಟುಬಿಟ್ರು. ಈಗ ಅಪ್ಪ, 'ಅವಳು ಫೋನ್ ಇಟ್ಟಳಾ? ಹಾಗಾದ್ರೆ ನಾನ್ಯಾಕೆ ಬೇಡ್ಲಿ' ಅಂತ ಗೋಡೆ ಕಡೆ ಮುಖ ಮಾಡಿ ಮಲಗಿದಾರೆ. ಹೇಳಿ ಫುಂಡಿ... ಇದಕ್ಕೆ ಯಾವ ಸ್ಕ್ರೂ ತಿರುಗಿಸ್ತೀರಿ?"

ಮಕಾಮೆ ಬೆಸುಗೆ ಕಡ್ಡಿಯ ಸ್ವಿಚ್ಚು ಆರಿಸಿದ.

"ಮುಂದಿನ ಶನಿವಾರ ನಾನೇ ನಿಮ್ಮ ಮನೆಗೆ ಬರ್ತೀನಿ. ಆ ಕಾರ್ಯಕ್ರಮಕ್ಕೆ ನಾನೇ ಫೋನ್ ಮಾಡಿ, ತಪ್ಪು ನನ್ನದು ಅಂತ ನಿಮ್ಮತ್ತೆಗೆ ಹೇಳ್ತೀನಿ. ಎಲ್ಲರೂ ಕೇಳೋ ಹಾಗೆ."

"ಬೇಕಾಗಿಲ್ಲ!" ಎಂದಳು ಅವಳು. ರೇಡಿಯೊವನ್ನು ಮಾತ್ರ ಅಲ್ಲೇ ಬಿಟ್ಟು ಹೋದಳು.

*

ಅವನು ಶನಿವಾರದ ತನಕ ಕಾಯಲಿಲ್ಲ.

ಮರುದಿನ ಜೈತುನಿ ಕೆಲಸ ಮುಗಿಸಿ ಬಂದರೆ ಅಂಗಳದಲ್ಲಿ ಅಪರಿಚಿತ ಚಪ್ಪಲಿ. ಒಳಗೆ ಅಪ್ಪನ ನಗು! ಎಷ್ಟು ದಿನವಾಗಿತ್ತು ಆ ನಗು ಕೇಳಿ...

ರೇಡಿಯೊದ ಮೊದಲ ಗುಂಡಿಗೆ ಮಕಾಮೆ ಅಂಗಿಯ ಬಟನ್ ಒಂದನ್ನು ಅಂಟಿಸುತ್ತಿದ್ದ.

"ಮ್ಜೇ, ಬೆರಳಿಗೆ ಬಟನ್ ಸಿಕ್ತಾ? ಅದೇ ಲುಶೋತೊ. ಬಟನ್ ಇಲ್ಲದ ಗುಂಡಿ ಒತ್ತಿದ್ರೆ ಹಿಮದ ದೇಶ."

"ಮಾತು ಯಾಕಪ್ಪಾ ತಡವಾಗಿ ಬರುತ್ತೆ? ನಮ್ಮ ತರಕಾರಿಯವನು ಶನಿವಾರ ಸಂಜೆ ಅಲ್ಲಿಂದ ಫೋನ್ ಮಾಡಿದ್ದ. ಅವನ ಕಡೆ ಹಾಡು ಮುಗಿದರೂ ಇಲ್ಲಿ ಇನ್ನೂ ಹಾಡ್ತಿತ್ತು."

"ಇಂಟರ್ನೆಟ್ಟಿನ ದಾರಿ ಹಾಗೇ ಮ್ಜೇ. ಅಲ್ಲಿ ಆಡಿದ ಮಾತು ಇಲ್ಲಿಗೆ ಬರೋಕೆ ಒಂದು ನಿಮಿಷ ಬೇಕು."

"ಲುಶೋತೊ ಬಸ್ಸಿಗಿಂತ ವಾಸಿ ಬಿಡು!"

ಜೈತುನಿಗೆ ನಗು ಬಂತು. ಬಂದದ್ದಕ್ಕೆ ತನ್ನ ಮೇಲೇ ರೇಗಿಹೋಯಿತು. 'ಯಾರಿವನು? ಮೊದಲು ಮನೆ ಕೆಡಿಸೋದು, ಆಮೇಲೆ ಬಟನ್ ಅಂಟಿಸೋದು!'

"ಚಹಾ ಕೊಡಮ್ಮ ಫುಂಡಿಗೆ," ಎಂದರು ಅಪ್ಪ.

ಕೊಟ್ಟಳು. ಸಕ್ಕರೆ ಹಾಕದೆ ಕೊಟ್ಟಳು. ಅವನು ಕೊನೆಯ ಹನಿಯವರೆಗೆ ಕುಡಿದು, "ಚೆನ್ನಾಗಿದೆ," ಎಂದ. ಸುಳ್ಳ!

ಅದರ ಮರುದಿನವೂ ಬಂದ. ಮೂರನೆಯ ದಿನವೂ. ಒಮ್ಮೆ ಆಂಟೆನಾ ನೋಡಲು, ಒಮ್ಮೆ ಧ್ವನಿ ನೋಡಲು. ಜೈತುನಿ ದಿನವೂ ಬೈದಳು. ಅವನು ದಿನವೂ "ತಪ್ಪು ನನ್ನದು" ಎಂದ. ಗುರುವಾರ ಅವನು ಬರಲಿಲ್ಲ. ಅವಳು ಮೂರು ಸಲ ಬಾಗಿಲಿಗೆ ಹೋಗಿ ಬೀದಿ ನೋಡಿದಳು. 'ನೀರಿನ ಗಾಡಿ ಬಂತಾ ಅಂತ ನೋಡ್ದೆ, ಅಷ್ಟೇ...' ಎಂದು ತನಗೆ ತಾನೇ ಹೇಳಿಕೊಂಡಳು. ನೀರಿನ ಗಾಡಿ ಬರುವುದು ಮಂಗಳವಾರ.

*

ಶನಿವಾರ ಬಂತು. ಜೈತುನಿ ರಜೆ ಹಾಕಿದ್ದಳು.

ಸಲಾಂ ಕಾರ್ಯಕ್ರಮ ಶುರುವಾಗುವ ಮೊದಲೇ ಮಕಾಮೆ ಚಾಪೆಯ ಮೇಲೆ ಕೂತು ನಂಬರು ಒತ್ತಿದ. ಸಿಗಲಿಲ್ಲ. ಮತ್ತೆ ಒತ್ತಿದ. ಇಡೀ ಬೆಟ್ಟವೇ ಆ ಒಂದು ನಂಬರಿಗೆ ಮುಗಿಬಿದ್ದಿತ್ತು. ಮ್ಜೇ ಶೆಲುಕಿಂದೊ ಕೈಕಟ್ಟಿ ರೇಡಿಯೊದ ಮುಂದೆ ಕೂತಿದ್ದರು.

"ನಾನಂತೂ ಮಾತಾಡಲ್ಲ," ಎಂದರು. ಆದರೂ ಬೆರಳು ಬಟನ್ ಮೇಲೆಯೇ ಇತ್ತು.

"ಒಳಗೆ ಸಿಗ್ನಲ್ ಸಾಲದು," ಎನ್ನುತ್ತಾ ಮಕಾಮೆ ಎದ್ದು ಹಿತ್ತಿಲಿಗೆ ಓಡಿದ. ಓಡುವ ರಭಸಕ್ಕೆ ಅವನ ಜೇಬಿನಿಂದ ಏನೋ ಚಾಪೆಯ ಮೇಲೆ ಬಿತ್ತು.

ಮಡಚಿದ ಚೀಟಿ.

ಜೈತುನಿ ಎತ್ತಿಕೊಂಡಳು. ಬಿಡಿಸಿದಳು. ತನ್ನದೇ ಕೈಬರಹ! ಅವನು ರೇಡಿಯೊ ಕೂರಿಸಲು ಬರುವ ದಿನ ತಾನು ಕೆಲಸದಲ್ಲಿರುತ್ತೇನೆಂದು ಬರೆದಿಟ್ಟು ಹೋಗಿದ್ದ ಚೀಟಿ.

'ವೈಫೈ ಪಾಸ್‌ವರ್ಡ್: ಸಿತಾಕಿಸಬಾಬು. ಶನಿವಾರ 9ಕ್ಕೆ ತಾನಾಗಿ ಶುರುವಾಗುವಂತೆ ಇಡಿ.'

ಒಂಬತ್ತು...

ಅವಳು ಚೀಟಿಯನ್ನು ಮತ್ತೊಮ್ಮೆ ಓದಿದಳು.

ಈ ನಾಡಿನ ಬಾಯಲ್ಲಿ ಗಂಟೆ ಎಣಿಸುವುದು ಸೂರ್ಯ ಹುಟ್ಟಿದ ಹೊತ್ತಿನಿಂದ. ಬಿಸಿಲು ಬಂದು ಮೂರು ಗಂಟೆಯಾದರೆ ಅದು ಬೆಳಗಿನ ಮೂರು. ಯಂತ್ರಗಳು ಅದನ್ನೇ ಒಂಬತ್ತು ಎನ್ನುತ್ತವೆ. ಬಾಯಿಯ ಗಂಟೆಗೆ ಆರು ಕೂಡಿಸಿದರೆ ಯಂತ್ರದ ಗಂಟೆ, ಮಕ್ಕಳಿಗೂ ಗೊತ್ತಿರುವ ಲೆಕ್ಕ. ಸಲಾಂ ಕಾರ್ಯಕ್ರಮ ಬೆಳಗಿನ ಮೂರಕ್ಕೆ. ವಿಮಾನ ನಿಲ್ದಾಣದ ಸರಕು ಕಚೇರಿಯಲ್ಲಿ ದಿನವಿಡೀ ಯಂತ್ರದ ಗಂಟೆ ಬರೆಯುವ ಜೈತುನಿ, ಫುಂಡಿಗೆ ಸುಲಭವಾಗಲೆಂದು ತಾನೇ ಆರು ಕೂಡಿಸಿ ಒಂಬತ್ತು ಎಂದು ಬರೆದಿದ್ದಳು.

ಅವನೋ, ಎಲ್ಲರ ಹಾಗೆ ಬಾಯಿಯ ಗಂಟೆಯನ್ನೇ ಬರೆದಿದ್ದಾಳೆಂದು ತಿಳಿದು ಮತ್ತೆ ಆರು ಕೂಡಿಸಿದ್ದ. ಹದಿನೈದು ಗಂಟೆ. ಇಳಿ ಮಧ್ಯಾಹ್ನ. ಎಲೆಕೋಸಿನ ಹೊತ್ತು!

ಗೊತ್ತಿತ್ತು ಅವನಿಗೆ... ಅವತ್ತೇ, ಅಂಗಡಿಯಲ್ಲೇ, ಚೀಟಿ ನೋಡಿದಾಗಲೇ ಗೊತ್ತಿತ್ತು!

ಅವಳು ಹಿತ್ತಿಲಿಗೆ ಧಾವಿಸಿದಳು. ನೀರಿನ ಡ್ರಮ್ಮಿನ ಪಕ್ಕದಲ್ಲಿ ಮಕಾಮೆ ಫೋನ್ ಹಿಡಿದು ನಿಂತಿದ್ದ. ಲೈನು ಸಿಕ್ಕಿಬಿಟ್ಟಿತ್ತು.

"...ಬಿ ತಾಬು ಅವರಿಗೆ ನನ್ನ ಸಲಾಂ. ಹೋದ ಶನಿವಾರ ನಿಮ್ಮಣ್ಣ ಬೆಳಗಿಂದ ಕಾದು ಕೂತಿದ್ರು. ಅವರಿಗೆ ಕೇಳಿಸ್ಲಿಲ್ಲ. ರೇಡಿಯೊದ ಹೊತ್ತು ತಪ್ಪಿಸಿದ್ದು ನಾನು. ತಪ್ಪೆಲ್ಲ ಈ ಫುಂಡಿದು..."

ಜೈತುನಿ ಫೋನ್ ಕಿತ್ತುಕೊಂಡಳು.

"ಸುಳ್ಳು ಅತ್ತೇ! ಒಂಬತ್ತು ಅಂತ ಬರೆದೋಳು ನಾನು! ಅಪ್ಪ ಗಂಜಿನೂ ಕುಡೀದೆ ಕಾದಿದ್ದು ಮಾತ್ರ ನಿಜ!" ಫೋನ್ ಹಿಡಿದ ಕೈಯನ್ನು ಕೆಳಗಿಳಿಸಿ ಅವನತ್ತ ತಿರುಗಿದಳು. "ಏನ್ರೀ ಇದು? ಅಷ್ಟು ಜನರ ಮುಂದೆ ನಾನು ಹುಚ್ಚಿ ಹಾಗೆ ಕೂಗ್ತಿದ್ದೆ. ಇದನ್ನ ಜೇಬಲ್ಲಿಟ್ಕೊಂಡು ಸುಮ್ಮನೆ ನಿಂತಿದ್ರಲ್ಲ! ನನ್ನ ಮೇಲೆ ಕರುಣೆ ತೋರಿಸೋಕೆ ನೀವ್ಯಾರು?"

"ಅಷ್ಟು ಜನರ ಮುಂದೆ ಅಂತಾನೇ ಸುಮ್ಮನಿದ್ದೆ!" ಮೊದಲ ಬಾರಿಗೆ ಅವನ ಧ್ವನಿಯೂ ಏರಿತು. "ಅವರ ಮುಂದೆ ಈ ಚೀಟಿ ಹಿಡಿದು ನಿಮ್ಮ ತಲೆ ತಗ್ಗಿಸ್ಬೇಕಿತ್ತಾ? ಒಂದು ಮಾತು ಕೇಳಿದ್ರೆ ಮುಗೀತಿತ್ತು, ಯಾವ ಒಂಬತ್ತು ಅಂತ. ನಾನು ಕೇಳ್ಲಿಲ್ಲ. ಅದು ನನ್ನ ತಪ್ಪೇ!"

"ಆಮೇಲೆ? ದಿನಾ ಬಂದು ಬೈಸ್ಕೊಂಡ್ರಲ್ಲ, ಆಗ ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ನೀವು ಬೈಯೋದು ನಿಲ್ಲಿಸ್ತಿದ್ರಿ! ಆಮೇಲೆ ಈ ಮನೆಗೆ ಬರೋಕೆ ನನಗೇನಿತ್ತು?"

ಅವನು ಅವಳ ಕೈಯಲ್ಲಿದ್ದ ಚೀಟಿಯತ್ತ ಬೆರಳು ಮಾಡಿದ.

"ಸಿತಾಕಿ ಸಬಾಬು," ಎಂದ ಅವನು ಮೆಲ್ಲಗೆ. "ಸಬೂಬು ಬೇಡ! ಯಾರಾದ್ರೂ ಇಂಥ ಪಾಸ್‌ವರ್ಡ್ ಇಡ್ತಾರಾ? ಇಂಗ್ಲಿಷಲ್ಲಿ ಹನ್ನೆರಡು ಅಕ್ಷರ, ಗುಂಡಿ ತಿರುಗಿಸಿ ಒಂದೊಂದೇ ಹಾಕ್ದೆ. ಅರ್ಧಕ್ಕೆ ಬರುವಾಗಲೇ ಇವಳನ್ನ ನೋಡ್ಬೇಕು ಅನ್ನಿಸ್ತು. ಭಾನುವಾರ ನೀವೇ ಬಂದ್ರಿ. ಬೈದ್ರಿ... ನನ್ನ ಕಥೆ ಅಲ್ಲಿಗೆ ಮುಗೀತು, ಜೈತುನಿ. ನನಗೆ ನೀವು ಬೇಕು. ಸಕ್ಕರೆ ಇಲ್ಲದಿದ್ರೂ ಪರವಾಗಿಲ್ಲ."

ಆಗ ಅವಳ ಕೈಯಲ್ಲಿನ ಫೋನಿನಿಂದ ಒಂದು ಧ್ವನಿ ಬಂತು. "ಹಲೋ? ಮುಂದುವರಿಸಿ, ಮುಂದುವರಿಸಿ! ಇಡೀ ಲುಶೋತೊ ಕೇಳ್ತಾ ಇದೆ!"

ಫೋನ್ ಕಟ್ ಆಗಿರಲೇ ಇಲ್ಲ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಒಂದು ನಿಮಿಷ! ಅಲ್ಲಿ ಆಡಿದ ಮಾತು ಇಲ್ಲಿಗೆ ಬರಲು ಒಂದು ನಿಮಿಷ...

"ಅಪ್ಪ!" ಎಂದು ಚೀರಿ ಜೈತುನಿ ಒಳಗೆ ಓಡಿದಳು.

ತಡವಾಗಿತ್ತು. "ಏನ್ರೀ ಇದು?" ಎಂದು ಅವಳದೇ ಧ್ವನಿ ರೇಡಿಯೊದಿಂದ ಗದರಿತು. ಅವಳು ಗುಂಡಿಗೆ ಕೈ ಚಾಚಿದಳು. ಅಪ್ಪ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಶ್! ಕೂತ್ಕೋ. ಇಡೀ ಬೆಟ್ಟ ಕೇಳಿದ್ದನ್ನ ಹೆತ್ತಪ್ಪ ಕೇಳ್ಬಾರ್ದಾ?"

ಅವಳು ತಲೆಯ ಕಾಂಗಾವನ್ನು ಮುಖದ ಮೇಲೆಳೆದು ಕೂತಳು. ಮಕಾಮೆ ಹೊಸ್ತಿಲಲ್ಲಿ ಅಪರಾಧಿಯಂತೆ ನಿಂತ. ಒಂದೊಂದು ಮಾತೂ ಬಂತು... ಬೈಸಿಕೊಂಡದ್ದು, ಹನ್ನೆರಡು ಅಕ್ಷರ, ಸಕ್ಕರೆ... ಒಂದನ್ನೂ ಬಿಡದೆ!

"ಸಕ್ಕರೆ ಹಾಕಿರ್ಲಿಲ್ವೇನೇ?" ಎಂದರು ಅಪ್ಪ, ಬೇರೆ ಯಾವುದೂ ಕೇಳಿಸಲಿಲ್ಲವೆಂಬಂತೆ.

ಅಷ್ಟರಲ್ಲಿ ಜೈತುನಿಯ ಫೋನ್ ಹೊಡೆದುಕೊಂಡಿತು. ಬಿ ತಾಬು!

"ಯಾರೇ ಆ ಗಂಡು? ಅಮ್ಮನಾಣೆ, ನಕ್ಕು ನಕ್ಕು ನನ್ನ ಒಲೆ ಮೇಲಿನ ಗಂಜಿ ಸೀದೋಯ್ತು! ಕೊಡು ಆ ಹಟಮಾರಿಗೆ ಫೋನು..."

ಮ್ಜೇ ಶೆಲುಕಿಂದೊ ಫೋನನ್ನು ಎರಡೂ ಕೈಯಲ್ಲಿ ಹಿಡಿದರು.

"ತಾಬೂ... ಆ ದಿನ ನಿನ್ನ ಬಸ್ಸಿಗೆ ನಾನು ಕಾಯಬೇಕಿತ್ತಮ್ಮಾ..."

ಆ ಕಡೆಯಿಂದ ಅಳು ಕೇಳಿಸಿತು. ಈ ಕಡೆಯೂ.

ಜೈತುನಿ ಸದ್ದಿಲ್ಲದೆ ಎದ್ದು ಹಿತ್ತಿಲಿಗೆ ಬಂದಳು. ಹಿಂದೆಯೇ ಮಕಾಮೆ.

"ನನಗಿನ್ನೂ ಸಿಟ್ಟಿದೆ," ಎಂದಳು, ಕಣ್ಣೊರೆಸಿಕೊಳ್ಳುತ್ತಾ.

"ಇರ್ಲಿ."

"ಇಡೀ ಲುಶೋತೊ ಎದುರು ಮಾನ ಕಳೆದ್ರಿ!"

"ಫೋನ್ ಕಿತ್ಕೊಂಡೋರು ನೀವು."

ಅವಳು ಡ್ರಮ್ಮಿನ ನೀರಿನಲ್ಲಿ ಬೆರಳಾಡಿಸಿದಳು. "ಇಷ್ಟು ಬಾಯಿ ಇರೋಳು ನಾನು. ನಾನೇ ಯಾಕೆ?"

"ಕಾರಣ, ಸಬೂಬು ಯಾವುದೂ ಬೇಡ ಅಂದೋರು ನೀವೇ ಅಲ್ವಾ?"

ತಡೆಯಲಾಗದೆ ಅವಳು ನಕ್ಕುಬಿಟ್ಟಳು. ಅವನ ಮುಂದೆ ಮೊದಲ ಸಲ.

"ನಿಮ್ಮಪ್ಪನ ಹತ್ರ ಮಾತಾಡ್ಬೇಕು," ಎಂದ ಅವನು. "ನಾಳೆ ಎಷ್ಟು ಗಂಟೆಗೆ ಬರ್ಲಿ?"

"ಒಂಬತ್ತಕ್ಕೆ."

ಈ ಸಲ ಅವನು ಕೇಳಿದ. "ಯಾವ ಒಂಬತ್ತು?"

ಜೈತುನಿ ಚೀಟಿಯನ್ನು ಮಡಚಿ ಅವನ ಜೇಬಿಗೆ ಮರಳಿಸಿದಳು. ಕೈಯನ್ನು ಒಂದು ಗಳಿಗೆ ಅಲ್ಲೇ ಇಟ್ಟಳು.

"ಯಂತ್ರದ ಒಂಬತ್ತಕ್ಕೆ ಬನ್ನಿ... ನಮ್ಮ ಒಂಬತ್ತಕ್ಕೂ ಇಲ್ಲೇ ಇರಿ."